ಮುಂದಿನ ಜೋಡಿ

ಹಿಪ್ಪರಗಿಯ ಆ ಹಳೇ ಫೋರ್‌ವೀಲ್ ಜೀಪು ಜಮಖಂಡಿಯ ನನ್ನ ಗ್ಯಾರೇಜು ಮುಟ್ಟುವ ಮೊದಲೇ ಅದರ ಸದ್ದು ಮುಟ್ಟಿತ್ತು. ಮುಂದಿನ ಗಾಲಿಗಳ ನಡುವಿನ ಗೇರಿನ ಪೆಟ್ಟಿಗೆ, ಡಿಫರೆನ್ಷಿಯಲ್, ಗುಂಯ್‌ಗುಡುತ್ತಿತ್ತು. ಬಿಚ್ಚಿದರೆ ಮೂರು ದಿನದ ಕೆಲಸ.

"ಬಿಚ್ಚಬ್ಯಾಡ್ರಿ, ಮೊದ್ಲ ಕೂತು ಕೇಳ್ರಿ" ಎಂದರು ಮಾಲಕರು, ವಯಸ್ಸಾದ ಕಬ್ಬಿನ ರೈತ.

ಪಕ್ಕದಲ್ಲಿ ಕೂತೆ. ಡಾಂಬರು ರಸ್ತೆಗೆ ಬಂದದ್ದೇ ಸದ್ದು ಜೋರಾಯಿತು. ಸ್ಟೇರಿಂಗ್ ತಿರುಗಿಸಲು ಕಾಕಾ ಬೆವರುತ್ತಿದ್ದರು. ಆಗ ಕಣ್ಣಿಗೆ ಬಿತ್ತು ಗೇರಿನ ಪಕ್ಕದ ಸಣ್ಣ ಲಿವರ್! ಕೆಸರಿನಲ್ಲಿ ಸಿಕ್ಕಾಗ ಮಾತ್ರ ಮುಂದಿನ ಗಾಲಿಗಳನ್ನೂ ಎಳೆಯಲು ಹಚ್ಚುವ ಲಿವರ್ ಅದು. ಹಾಕಿಯೇ ಇತ್ತು. ಅದನ್ನು ಜಗ್ಗಿ ಬಿಡಿಸಿದೆ. ಸದ್ದು ನಿಂತೇ ಹೋಯಿತು.

"ಸಿಕ್ತರೀ ಕಾಕಾ!" ಎಂದು ಕೂಗಿಬಿಟ್ಟೆ. "ಯಾವಾಗಿಂದ ಹಿಂಗ ಓಡಸಾಕತ್ತೀರಿ?"

"ತಗೊಂಡಾಗಿಂದ. ಹಿಂದಿನ ಜೋಡಿ ಎಳೀಬೇಕು, ಮುಂದಿನ ಜೋಡಿ ಸುಮ್ಮ ನಡೀಬೇಕೇನ್ರಿ? ನಾಕು ಎತ್ತು ಕಟ್ಟಿ ಎರಡಕ್ಕ ಬಿಟ್ಟಿ ಮೇವು ಹಾಕ್ತಾರೇನು?"

"ಡಾಂಬರಿನ ಮ್ಯಾಲೆ ಅದಕ್ಕ ವಿಶ್ರಾಂತಿ ಕೊಡ್ರಿ, ಇಲ್ಲಂದ್ರ ಗೇರಿನ ಹಲ್ಲು ಸವೀತಾವ್ರಿ" ಎಂದು ಕೈಮುಗಿದೆ. ತಲೆಯಾಡಿಸಿ, ಲಿವರ್ ಮತ್ತೆ ಹಾಕಿಕೊಂಡೇ ಹೋದರು.

ತಿಂಗಳ ಮೇಲೆ ಅದೇ ಜೀಪು ಸದ್ದಿಲ್ಲದೆ ಬಂದು ಗ್ಯಾರೇಜಿನ ಮುಂದೆ ನಿಂತಿತು. ನನಗೆ ಕುಣಿಯುವಷ್ಟು ಖುಷಿ. "ಕಡೀಕ ನನ್ನ ಮಾತು ಕೇಳಿದ್ರಲ್ಲ ಕಾಕಾ!"

ಕಾಕಾ ನನ್ನನ್ನೇ ವಿಚಿತ್ರವಾಗಿ ನೋಡಿದರು. "ಇವತ್ತು ಸೋಮವಾರಲ್ಲೇನ್ರಿ? ಬಸವಣ್ಣನ ದಿನ ಯಾರರೆ ಎತ್ತು ಹೂಡ್ತಾರೇನು?"

ಹಿಂದಿನ ಜೋಡಿಗೆ ಸೋಮವಾರ ಇಲ್ಲವೇ ಎಂದು ಕೇಳಲು ಬಾಯಿಗೆ ಬಂದಿತ್ತು. ಕೇಳಿದ್ದರೆ ಜೀಪನ್ನು ಅಲ್ಲೇ ಬಿಟ್ಟು ಹಿಪ್ಪರಗಿಗೆ ನಡೆದೇ ಹೋಗುತ್ತಿದ್ದರು.