ನಮ್ಮ ವಿರುದ್ಧವೇ ಬರೆದವರು

ನೀರು ಪರೀಕ್ಷೆಯ ಆ ಮೇಡಂ ನಾಗಮಂಗಲ ಕಡೆಯವರು. ಯಾರ ಮನೆಯಲ್ಲೂ ಕಾಫಿ ಮುಟ್ಟದೆ, ಬಾಟಲಿಯ ಮುಚ್ಚಳ ಬಿಗಿಮಾಡುತ್ತಾ, “ನೀರು ಏನ್ ಯೇಳ್ತದೋ ಅದ್ನೇ ಬರೆಯೋದು” ಎನ್ನುತ್ತಿದ್ದರು.

ನಮ್ಮೂರ ಬಾವಿ ಕೆಟ್ಟಾಗ ನಾವು ದೂರಿದ್ದು ಪಕ್ಕದ ಕಾರ್ಖಾನೆಯನ್ನು. ಮೇಡಂ ವರದಿ ಮಾತ್ರ ಬಾವಿ ಪಕ್ಕದ ನಮ್ಮ ತಿಪ್ಪೆಗಳನ್ನೇ ತೋರಿಸಿತು. ನಾನು ಅವರ ಜೀಪಿಗೆ ಅಡ್ಡ ನಿಂತೆ.

“ರೈತ್ರ ಮಗಳಾಗಿ ಇಂಗ್ ಬರ್ದ್ಬುಟ್ರಲ್ಲ! ತಿದ್ದಿ.”

“ತಿದ್ದಾಕಿಲ್ಲ ಕಣಣ್ಣ. ಇವತ್ತು ನಿಮ್ಗೆ ತಿದ್ದುದ್ರೆ ನಾಳೆ ಕಾರ್ಖಾನೆಯೋರ್ಗೂ ತಿದ್ಬೇಕಾಯ್ತದೆ” ಎಂದು ನಮ್ಮೆದುರೇ ಸಹಿ ಹಾಕಿದರು.

ಮುಂದಿನ ವರ್ಷ ನಾಲೆಯಲ್ಲಿ ಮೀನುಗಳು ಸತ್ತು ತೇಲಿದವು. ಈ ಸಲ ಮೇಡಂ ತಪ್ಪು ಕಾರ್ಖಾನೆಯದೆಂದು ಬರೆದರು. ಪಾಂಡವಪುರದ ಸಭೆಯಲ್ಲಿ ಕಾರ್ಖಾನೆಯ ಮ್ಯಾನೇಜರು, “ಈಯಮ್ಮ ರೈತರ ಕಡೆಯವಳು” ಎಂದು ಎಗರಾಡಿದ. ನಾನು ಎದ್ದು, ನಮ್ಮ ವಿರುದ್ಧ ಅವರು ಬರೆದಿದ್ದ ವರದಿಯನ್ನು ಎಲ್ಲರಿಗೂ ಕೇಳುವಂತೆ ಓದಿದೆ.