ಬೋವಿಕಾನಕ್ಕೆಲ್ಲ ಒಂದೇ ಸ್ವೆಟರ್

ಕಪಾಟಿನಿಂದ ಜಾಕೆಟ್ ಹೊರಗೆಳೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮುಂದಿನ ವಾರ ಕೆಲಸದ ಮೇಲೆ ಉತ್ತರ ಭಾರತಕ್ಕೆ ಹೋಗಬೇಕು, ಒಬ್ಬಳೇ. ಕಾಸರಗೋಡಿನ ವಿದ್ಯಾನಗರದ ಈ ಬಾಡಿಗೆ ಮನೆಯಲ್ಲಿ ಡಿಸೆಂಬರಿನಲ್ಲೂ ಫ್ಯಾನ್ ತಿರುಗುತ್ತಿರುತ್ತದೆ. ಅದರ ಕೆಳಗೆ ನಿಂತು ಜಾಕೆಟ್ ತೊಟ್ಟು ನೋಡಿ ಬೆವತೆ. ಆ ವಾಸನೆಯ ಜೊತೆಗೇ ನೆನಪಿಗೆ ಬಂದವನು ನಮ್ಮೂರು ಬೋವಿಕಾನದ ಬಟ್ಟೆ ಅಂಗಡಿಯ ಯಜಮಾನ, ಊರವರ ಬಾಯಲ್ಲಿ ‘ಧನಿ’. ಎದುರಿಗೆ ‘ನೀವು’ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಯಾವಾಗಲೂ ‘ಅವನು’. ಇಲ್ಲಿಯೂ ಹಾಗೇ ಬರೆಯುತ್ತೇನೆ. ಸತ್ತ ಮೇಲೆ ಬಹುವಚನ ಹಚ್ಚುವುದು ತೀರಾ ಅಗ್ಗದ ಗೌರವ.

ನಮ್ಮ ಕಡೆ ಸ್ವೆಟರನ್ನು ಯಾರೂ ಕೊಳ್ಳುತ್ತಿರಲಿಲ್ಲ. ಪೇಟೆಗೆಲ್ಲ ಒಂದೇ ಸ್ವೆಟರ್, ಅದು ಅವನದು. ಬೂದು ಬಣ್ಣ, ಮುಂದೆ ಗುಂಡಿಗಳು, ಎರಡು ಜೇಬು. ಕಂದು ಬಣ್ಣವೂ ಇದ್ದಿರಬಹುದು… ಮಿಲಿಟರಿಗೆ ಸೇರಲು ಹೋದವರು, ಕಾಶಿಗೆ ಹೋದವರು, ಅಜ್ಮೀರಿಗೆ ಹೋದವರು, ಎಲ್ಲರೂ ಅದನ್ನೇ ಒಯ್ದು ಮರಳಿ ತಂದುಕೊಟ್ಟವರು. ಬಾಡಿಗೆಯೇನೂ ಇಲ್ಲ. ತಂದುಕೊಟ್ಟವರು ಅಂಗಡಿಯ ಬೆಂಚಿನ ಮೇಲೆ ಕುಳಿತು ಅಲ್ಲಿಯ ಚಳಿಯ ಕತೆ ಹೇಳಬೇಕು, ಅಷ್ಟೆ. ಮರುದಿನದಿಂದ ಅದು ಅವನ ಕತೆ. “ಕಾಶಿಯಲ್ಲಿ ಬೆಳಿಗ್ಗೆ ಬಾಯಿ ತೆರೆದರೆ ಹೊಗೆ ಬರ್ತದೆ ಮಾರಾಯ, ಬೀಡಿ ಬೇಡ,” ಎಂದು, ಮಂಗಳೂರು ದಾಟದ ಮನುಷ್ಯ, ಲುಂಗಿ ಅಳೆಯುತ್ತ ಗಿರಾಕಿಗಳಿಗೆ ಹೇಳುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಇನ್ನೊಬ್ಬರ ನಡುಕದಲ್ಲಿ ಮೈ ಕಾಯಿಸಿಕೊಳ್ಳುವವನು!

ಎಂ.ಎ. ಮುಗಿಸಿದ ವರ್ಷ, ಉತ್ತರದ ಒಂದು ವಿಶ್ವವಿದ್ಯಾನಿಲಯದಿಂದ ಸಂಶೋಧನೆಗೆ ಸಂದರ್ಶನದ ಕರೆ ಬಂತು. ಅಮ್ಮ ನನ್ನನ್ನು ಆ ಅಂಗಡಿಗೆ ಎಳೆದುಕೊಂಡು ಹೋದರು.

“ಒಬ್ಬಳೇ?” ಎಂದ ಅವನು, ಅಮ್ಮನ ಮುಖ ನೋಡಿ.

“ಇಂಟರ್‌ವ್ಯೂ ಉಂಟಲ್ಲ ಧನಿ. ಜೊತೆಗೆ ಹೋಗ್ಲಿಕ್ಕೆ ಯಾರಿದ್ದಾರೆ?”

“ಇವಳಾ? ಕಾಸರಗೋಡು ಬಸ್ಸಿನಲ್ಲಿ ಕಿಟಕಿ ಸೀಟು ಸಿಗದಿದ್ರೆ ಮುಖ ಊದಿಸುವವಳು! ಮೂರನೇ ದಿನಕ್ಕೆ ಅಳುತ್ತ ಫೋನ್ ಬರ್ತದೆ, ನೋಡಿ ಅಕ್ಕ.” ಆಮೇಲೆ ನನ್ನತ್ತ ತಿರುಗಿ, “ಒಗೆಯಬೇಡ, ಕುಗ್ಗಿ ಹೋಗ್ತದೆ. ಬಂದು ಕತೆ ಹೇಳು,” ಎಂದ.

ಊರಿಡೀ ಬೆವರಿದ, ಒಗೆಯದ ಆ ಉಣ್ಣೆಯನ್ನು ಎರಡು ಬೆರಳಲ್ಲಿ ಹಿಡಿದು ಚೀಲಕ್ಕೆ ತುರುಕಿದೆ. ಇವನಿಗೆ ನನ್ನ ಕತೆ ಕೊಡಬಾರದು ಎಂದು ಅಲ್ಲೇ ನಿಶ್ಚಯಿಸಿದೆ.

ಸಂದರ್ಶನದಲ್ಲಿ ನನ್ನನ್ನು ಆರಿಸಲಿಲ್ಲ. ಹಿಂದಿರುಗುವ ಬೆಳಿಗ್ಗೆ ಮಂಜು ಕವಿದು ರೈಲು ತಡವಾಗುತ್ತ ಹೋಯಿತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚು ಸೀರೆ, ಶಾಲು ಎಲ್ಲವನ್ನೂ ದಾಟಿ ಮೂಳೆಗೆ ತಾಗುತ್ತಿತ್ತು. ಒಬ್ಬಳೇ ಹೋದವಳಿಗೆ ಚಳಿಗಿಂತ ದೊಡ್ಡ ಶತ್ರು ಚೀಲ. ಅದನ್ನು ಬಿಟ್ಟು ಶೌಚಾಲಯಕ್ಕೆ ಹೋಗುವಂತಿಲ್ಲ, ಹೊತ್ತುಕೊಂಡು ಹೋಗಿ ಬಂದರೆ ಕೂತ ಜಾಗ ಇಲ್ಲ. ಬೆರಳುಗಳು ಮರಗಟ್ಟಿ ಟಿಕೆಟ್ ಕೈಯಿಂದ ಜಾರಿತು. ಆಗ ಸ್ವೆಟರ್ ತೆಗೆದು ತೊಟ್ಟೆ. ನುಸಿಗುಳಿಗೆ, ಬೀಡಿ, ಯಾರದೋ ತಲೆಯ ಎಣ್ಣೆ… ಮೂಗು ಸುಕ್ಕಾಯಿತು, ಆದರೆ ಮೈ ಅದನ್ನು ಬಿಡಲೊಲ್ಲದು. ಜೇಬಿಗೆ ಕೈ ಹಾಕಿದರೆ ಪೇಪರಿನಲ್ಲಿ ಸುತ್ತಿದ ಒಣಶುಂಠಿಯ ತುಂಡು. ಹಿಂದೆ ಒಯ್ದವರು ಯಾರೋ ಮರೆತದ್ದೆಂದುಕೊಂಡೆ. ಚಹಾದವನು ಬೆಂಚಿನ ಹತ್ತಿರವೇ ಬಂದ. ಒಂದು ಗುಟುಕು ಚಹಾ, ಒಂದು ಚೂರು ಶುಂಠಿ. ಅಳು ಬಂದಿತ್ತು, ನಿಂತಿತು. ಮಂಜು ಹರಿದು ಬೆಂಚಿನ ತುದಿಗೆ ಬಿಸಿಲು ಬೀಳುವ ಹೊತ್ತಿಗೆ ಶುಂಠಿ ಮುಗಿದಿತ್ತು.

ಆ ದಿನದ ದಿನಚರಿಯನ್ನು ಈಗ ತೆಗೆದು ನೋಡಿದೆ. “ರೈಲು ತಡ. ಚಳಿ ಹೇಳಿಕೊಳ್ಳುವಷ್ಟಿಲ್ಲ. ಸ್ವೆಟರ್ ಬೇಕಾಗಲಿಲ್ಲ.” ಬೇರೆ ಯಾರೂ ಓದದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಇಂಥವಳ ನೆನಪನ್ನು ಎಷ್ಟು ನಂಬಬಹುದು? ಶುಂಠಿಯ ಖಾರವನ್ನು ಮಾತ್ರ ನಂಬುತ್ತೇನೆ.

ಮರಳಿ ಕೊಡಲು ಹೋದಾಗ ಅವನು ಹೆಗಲ ಬೈರಾಸಿನಿಂದ ಬೆಂಚು ಒರೆಸಿದ. ನಾನು ಕುಳಿತುಕೊಳ್ಳಲಿಲ್ಲ.

“ಎಂತ, ಚಳಿ ಹೇಗಿತ್ತು?”

“ಅಂಥದ್ದೇನೂ ಇಲ್ಲ. ಇದನ್ನು ಚೀಲದಿಂದ ತೆಗೆಯಲೇ ಇಲ್ಲ.”

ಅವನು ಸ್ವೆಟರಿನ ಒಂದು ಜೇಬಿಗೆ ಕೈ ಹಾಕಿದ. ಆಮೇಲೆ ಇನ್ನೊಂದಕ್ಕೆ.

“ಹೋಗುವವರಿಗೆಲ್ಲ ಒಂದು ತುಂಡು ಶುಂಠಿ ಇಡ್ತೇನೆ ನಾನು,” ಎಂದ. “ಹಾಗಾದ್ರೆ ಇಲಿ ತಿಂದಿರಬೇಕು. ಪಾಪ, ಒಂಟಿಯಾಗಿ ಹೋದ ಇಲಿ. ಅದಕ್ಕೂ ಚಳಿಯಾಗಿರ್ತದೆ.”

ನಕ್ಕನೋ ಇಲ್ಲವೋ ನೆನಪಿಲ್ಲ. ನಕ್ಕ ಎಂದು ಬರೆದರೆ ನನಗೆ ಅನುಕೂಲ… ಸ್ವೆಟರ್ ಮಡಚಿ, ಹೊಸ ನುಸಿಗುಳಿಗೆ ಹಾಕಿ, ಮೇಲಿನ ಅಡ್ಡಹಲಗೆಯಲ್ಲಿಟ್ಟ. ಮತ್ತೆಂದೂ ಕೇಳಲಿಲ್ಲ. ಕಾಶಿ, ಅಜ್ಮೀರುಗಳನ್ನು ಗಿರಾಕಿಗಳಿಗೆ ಹೇಳುತ್ತಲೇ ಇದ್ದ. ನನ್ನ ಪ್ಲಾಟ್‌ಫಾರ್ಮು ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಅವನು ಕೇಳಿದ್ದು ಕತೆಯೊಂದನ್ನೇ, ಅದನ್ನೂ ಕೊಡದೆ ಗೆದ್ದೆನೆಂದು ತಲೆಯೆತ್ತಿ ನಡೆದವಳು ನಾನು. ಅವನ ಬಗೆಗಿದ್ದ ತಿರಸ್ಕಾರ ಇನ್ನೂ ಹಾಗೇ ಇದೆ. ಈಗ ಅದರ ಹೆಚ್ಚಿನ ಪಾಲು ನನಗೇ ಬರುತ್ತದೆ.

ಅವನು ತೀರಿಕೊಂಡು ವರ್ಷಗಳಾದವು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ರಿಪೇರಿ. ಸ್ವೆಟರ್ ಏನಾಯಿತೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಬೇಕಾಗಿತ್ತು ಧನಿ, ತುಂಬಾ ಬೇಕಾಗಿತ್ತು ಎಂದು ಈಗ ಬರೆಯುವುದು ಸುಲಭ. ಕೇಳುವವನು ಇಲ್ಲದಾಗ ಯಾರು ಬೇಕಾದರೂ ನಿಜ ಹೇಳಬಹುದು.

ಈ ಜಾಕೆಟಿಗೆ ಆರು ಜೇಬುಗಳು, ಎಲ್ಲಕ್ಕೂ ಜಿಪ್ಪು. ಒಂದೊಂದನ್ನೇ ತೆರೆದು ಕೈ ಹಾಕಿ ನೋಡಿದೆ…