ಶುಕ್ರವಾರ, ಕಾಲಿನ ದಿನ

ನಾಲ್ಕು ತಿಂಗಳು ಜಿಮ್ಮಿಗೆ ಹೋದ ಮೇಲೂ ಆ ಸುದ್ದಿ ನನ್ನ ಕಾಲುಗಳಿಗೆ ಮುಟ್ಟಿರಲಿಲ್ಲ. ಎದೆಗೆ ಮುಟ್ಟಿತ್ತು, ತೋಳುಗಳಿಗೆ ಮುಟ್ಟಿತ್ತು, ಅಂಗಿಯ ಮೇಲಿನ ಎರಡು ಗುಂಡಿಗಳಿಗಂತೂ ಚೆನ್ನಾಗಿಯೇ ಮುಟ್ಟಿತ್ತು. ಸೊಂಟದಿಂದ ಕೆಳಗೆ ಮಾತ್ರ ನಾನು ಐವತ್ತೊಂದು ವರ್ಷದ ಹಳೆಯ ಮನುಷ್ಯನಾಗಿಯೇ ಉಳಿದಿದ್ದೆ. ಒಂದು ದಿನ ಸ್ನಾನ ಮುಗಿಸಿ ಬಂದವನನ್ನು ನನ್ನ ಹೆಂಡತಿ ಬಾಗಿಲಲ್ಲೇ ತಡೆದು ನಿಲ್ಲಿಸಿ, ಮೇಲಿನಿಂದ ಕೆಳಗೆ ಒಮ್ಮೆ ನೋಡಿದಳು. "ಮ್ಯಾಲಿನ ಅರ್ಧಾ ಒಬ್ಬ ಮನಷ್ಯಾ, ಕೆಳಗಿನ ಅರ್ಧಾ ಇನ್ನೊಬ್ಬ ಮನಷ್ಯಾ ಆಗೀರಲ್ರಿ. ದರ್ಜಿಗೆ ಯಾರ ಅಳತಿ ಕೊಡ್ಲಿ?" ಎಂದಳು.

ಇದಕ್ಕೆಲ್ಲ ಕಾರಣ ಜಿಮ್ಮಿನ ಗೋಡೆಗೆ ಅಂಟಿಸಿದ್ದ ಒಂದು ಚಾರ್ಟು. ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಹೆಗಲು, ಗುರುವಾರ ತೋಳು, ಶುಕ್ರವಾರ ಕಾಲು, ಶನಿವಾರ ಹೊಟ್ಟೆ. ಒಂದು ದಿನ ದುಡಿದ ಅಂಗಕ್ಕೆ ವಾರದ ಉಳಿದ ದಿನಗಳಲ್ಲಿ ವಿಶ್ರಾಂತಿ. ಇದಕ್ಕೆ ಸ್ಪ್ಲಿಟ್ ಎನ್ನುತ್ತಾರೆ. ಇನ್ನೊಂದು ಪದ್ಧತಿಯೂ ಇದೆ, ಫುಲ್ ಬಾಡಿ: ವಾರಕ್ಕೆ ಮೂರೇ ದಿನ, ಆದರೆ ಹೋದಾಗಲೆಲ್ಲ ಇಡೀ ದೇಹಕ್ಕೆ ಸ್ವಲ್ಪ ಸ್ವಲ್ಪ ಕೆಲಸ. ಮೊದಲ ದಿನವೇ ಜಿಮ್ಮಿನ ಹುಡುಗ ಮೌನೇಶ ಕೇಳಿದ್ದ: "ಸರ, ಸ್ಪ್ಲಿಟ್ ಮಾಡ್ತೀರೋ, ಫುಲ್ ಬಾಡಿ ಮಾಡ್ತೀರೋ? ನಿಮ್ ವಯಸ್ಸಿಗೆ ಫುಲ್ ಬಾಡಿ ಚೊಲೊ." ಅವನು ವಯಸ್ಸಿನ ಮಾತು ಎತ್ತದಿದ್ದರೆ ಒಪ್ಪಿಕೊಂಡುಬಿಡುತ್ತಿದ್ದೆನೇನೋ. ಎತ್ತಿದ. ನಾನು ಸ್ಪ್ಲಿಟ್ ಎಂದೆ. ಹಾಗೆ ನೋಡಿದರೆ ವೈದ್ಯರು ಸಕ್ಕರೆ ಕಾಯಿಲೆಗೆ ಬರಿದೇ ನಡೆಯಿರಿ ಎಂದಿದ್ದರು. ನಡೆಯುವುದು ಯಾರ ಕಣ್ಣಿಗೂ ಬೀಳುವುದಿಲ್ಲವೆಂದು ಜಿಮ್ಮು ಸೇರಿದವನು ನಾನು.

ನನ್ನ ಕೆಲಸ ಸಿಂಧನೂರಿನ ಹೊರಗೆ, ಮಸ್ಕಿ ರಸ್ತೆಯ ಒಂದು ರೈಸ್‌ಮಿಲ್ಲಿನ ಕಾಟಾದಲ್ಲಿ. ಲಾರಿಗಳನ್ನು ತೂಗುವ ಕಟ್ಟೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ವಾರದ ರಜೆ ಶುಕ್ರವಾರ. ಅವತ್ತು ಬೆಳಿಗ್ಗೆಯೇ ಬಸ್ಸು ಹತ್ತಿ ಲಿಂಗಸುಗೂರಿನಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನನ್ನು ನೋಡಿ ಬರುವುದು ಬಹಳ ವರ್ಷಗಳ ರೂಢಿ. ಹೀಗಾಗಿ ಚಾರ್ಟಿನಲ್ಲಿ ಕಾಲಿನ ದಿನ ಬಂದಾಗಲೆಲ್ಲ ನನ್ನ ಕಾಲುಗಳು ಬಸ್ಸಿನಲ್ಲಿ ಕುಳಿತು ಲಿಂಗಸುಗೂರಿಗೆ ಹೋಗಿ ಬರುತ್ತಿದ್ದವು.

ಗುರುಗುಂಟಾದಲ್ಲಿ ನನ್ನ ಸೋದರಮಾವನೊಬ್ಬ ತಾಲೀಮಿನ ಮನೆಗೆ, ಅಂದರೆ ಗರಡಿಗೆ, ಹೋಗುತ್ತಿದ್ದ. ಚಿಕ್ಕಂದಿನಲ್ಲಿ ನಾನೂ ಬಾಗಿಲಲ್ಲಿ ನಿಂತು ನೋಡಿದ್ದೇನೆ. ನಡುವೆ ಒಂದು ದುಂಡನೆಯ ಕಲ್ಲು. ಅದನ್ನು ನೆಲದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಬೆನ್ನ ಹಿಂದೆ ಬಿಡಬೇಕು. ಇದು ಯಾವ ಅಂಗದ ವ್ಯಾಯಾಮ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಮಾವ ಕಲ್ಲನ್ನೇ ತೋರಿಸುತ್ತಿದ್ದ. ಆದರೂ ಚಾರ್ಟು ನೋಡಿದಾಗ ನನಗೆ ಆ ಕಲ್ಲು ಹಳೆಯ ಕಾಲದ್ದಾಗಿಯೂ ಚಾರ್ಟು ವಿಜ್ಞಾನವಾಗಿಯೂ ಕಂಡಿತು. ಹಾಳೆಯ ಮೇಲೆ ಗೆರೆ ಎಳೆದು ಮನೆ ಮನೆಯಾಗಿ ಬರೆದದ್ದನ್ನು ನಂಬುವುದು ನನ್ನ ಕಸುಬಿನ ಅಭ್ಯಾಸ.

ಇನ್ನು ಹುಸೇನಪ್ಪನ ವಿಷಯ. ಅವನು ನಮ್ಮ ಮಿಲ್ಲಿನ ಹಮಾಲರ ಮುಖ್ಯಸ್ಥ. ಮಸ್ಕಿಯವನು, ಹೆಚ್ಚುಕಡಿಮೆ ನನ್ನ ವಯಸ್ಸಿನವನೇ. ಭತ್ತದ ಲಾರಿ ಬಂದರೆ ಅವರು ಎಂಟು ಜನ ಮೂರು ಕೆಲಸ ಹಂಚಿಕೊಳ್ಳುತ್ತಿದ್ದರು. ಲಾರಿಯ ಮೇಲೆ ನಿಂತವರು ಚೀಲ ಎತ್ತಿ ಕೊಡುವವರು. ಕೆಳಗಿನವರು ಅದನ್ನು ಬೆನ್ನ ಮೇಲೆ ಹೊತ್ತು ಗೋದಾಮಿನಲ್ಲಿ ಓರೆಯಾಗಿ ಇಟ್ಟ ಹಲಗೆ ಏರುವವರು. ಮೇಲಿನವರು ಸಾಲಾಗಿ ಪೇರಿಸುವವರು. ಇಪ್ಪತ್ತೈದು ಚೀಲ ಆದ ಕೂಡಲೇ ಹುಸೇನಪ್ಪ "ಬದ್ಲಿ!" ಎಂದು ಕೂಗುತ್ತಿದ್ದ. ಕೊಡುತ್ತಿದ್ದವರು ಇಳಿದು ಹೊರುವವರಾಗುತ್ತಿದ್ದರು, ಹೊರುತ್ತಿದ್ದವರು ಪೇರಿಸಲು ಏರುತ್ತಿದ್ದರು. ಯಾರಿಗಾದರೂ ಸುಸ್ತು ಎನಿಸಿದರೆ ಹದಿನೈದಕ್ಕೇ "ಬದ್ಲಿ" ಬರುತ್ತಿತ್ತು. ಸುಸ್ತಾದವನು ಯಾರೆಂದು ಅವನು ಹೆಸರು ಹಿಡಿದು ಹೇಳುತ್ತಿರಲಿಲ್ಲ.

ಕಾಟಾದ ನನ್ನ ಕೋಣೆಯ ಕಿಟಕಿಯಿಂದ ಗೋದಾಮಿನ ಬಾಗಿಲು, ಒಳಗಿನ ಹಲಗೆ ನೇರವಾಗಿ ಕಾಣುತ್ತವೆ. ಸುಗ್ಗಿಯ ದಿನ, ಕಾಲುವೆ ಕಡೆಯ ಬಳಗಾನೂರಿನಿಂದ ಲಾರಿಯ ಹಿಂದೆ ಲಾರಿ. ಪ್ರತಿ ಬದ್ಲಿಗೆ ಹತ್ತಿ ಇಳಿಯುವುದರಲ್ಲಿ ಹೊತ್ತು ಹೋಗುತ್ತದಲ್ಲ ಎಂದು ನನಗೆ ಅನ್ನಿಸತೊಡಗಿತು. ಒಂದು ದಿನ ಚಹಾದ ಹೊತ್ತಿಗೆ ಅವರ ನಡುವೆ ಕುಳಿತು ಜಿಮ್ಮಿನ ಚಾರ್ಟಿನ ವಿಷಯ ವಿವರಿಸಿದೆ. ಹುಸೇನಪ್ಪ ಎಲ್ಲವನ್ನೂ ಕೇಳಿ, ನನ್ನ ತೋಳನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ.

"ರೊಟ್ಟಿ ಉಬ್ಬಿದಂಗ ಉಬ್ಬೈತಲ್ರಿ ಸರ. ಒತ್ತಿದ್ರ ಗಾಳಿ ಹೋಕ್ಕೈತೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಾಗಬೇಕಿತ್ತು. ಆದರೆ ಕಾಟಾದ ಚೀಟಿಯೊಂದರ ಬೆನ್ನ ಮೇಲೆ ಗೆರೆ ಎಳೆದು, ಯಾರಿಗೆ ಯಾವ ದಿನ ಯಾವ ಕೆಲಸ ಎಂದು ಬರೆದೆ. ಒಂದು ದಿನ ಪೂರ್ತಿ ಕೊಡುವುದು, ಮರುದಿನ ಪೂರ್ತಿ ಪೇರಿಸುವುದು, ಅದರ ಮರುದಿನ ಪೂರ್ತಿ ಹೊರುವುದು. ಒಂದೊಂದು ಅಂಗಕ್ಕೆ ಎರಡೆರಡು ದಿನ ವಿಶ್ರಾಂತಿ ಸಿಗುತ್ತದೆ ಎಂದೂ ಹೇಳಿದೆ. "ಓದಿದೋರು ಹೇಳಾಕತ್ತಾರ, ಮಾಡಿ ನೋಡೋಣ ತಗೋ" ಎಂದ ಹುಸೇನಪ್ಪ. ಬುತ್ತಿಯ ಅನ್ನದ ಅಗುಳು ಹಚ್ಚಿ ಆ ಚೀಟಿಯನ್ನು ಗೋದಾಮಿನ ಬಾಗಿಲಿಗೆ ಅಂಟಿಸಿದರು.

ಸೋಮವಾರ, ಮಂಗಳವಾರ ಲಾರಿಗಳು ಬೇಗ ಬೇಗ ಖಾಲಿಯಾದವು. ನನಗೆ ಒಳಗೊಳಗೇ ಹೆಮ್ಮೆ.

ಬುಧವಾರ ಹೊರುವ ಸರದಿ ಹುಸೇನಪ್ಪನದು. ಮುಂದಿನದನ್ನು ನಾನು ಕಂಡ ಕ್ರಮದಲ್ಲೇ ಹೇಳುತ್ತೇನೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ, ಪ್ರತಿ ಸಲವೂ ಅದೇ ಕ್ರಮ. ಊಟವಾದ ಮೇಲಿನ ಎರಡನೇ ಲಾರಿ. ಹುಸೇನಪ್ಪ ಎಪ್ಪತ್ತೈದು ಕಿಲೋದ ಚೀಲ ಹೊತ್ತು ಹಲಗೆಯ ನಡುಭಾಗಕ್ಕೆ ಬಂದು ನಿಂತ. ಅವನು ಹಲಗೆಯ ಮೇಲೆ ನಿಲ್ಲುವವನಲ್ಲ. ಬಾಗಿದ ತಲೆಯನ್ನು ಸ್ವಲ್ಪ ಹೊರಳಿಸಿ ನನ್ನ ಕಿಟಕಿಯ ಕಡೆ ನೋಡಿದ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಅವನು ಮುಖ ತಿರುಗಿಸಿ ಒಂದು ಹೆಜ್ಜೆ ಇಟ್ಟ. ಎರಡನೇ ಹೆಜ್ಜೆಗೆ ಎಡ ಮೊಣಕಾಲು ಮಡಚಿತು. ಅವನು ಬಿದ್ದ, ಚೀಲ ಅವನ ತೊಡೆಯ ಮೇಲೆ ಬಿತ್ತು.

ಓಡಿಹೋಗಿ ಮೊದಲು ಚೀಲಕ್ಕೆ ಕೈ ಹಾಕಿದವನು ನಾನೇ. ನಾಲ್ಕು ತಿಂಗಳ ಎದೆ, ನಾಲ್ಕು ತಿಂಗಳ ತೋಳು. ಚೀಲ ಒಂದು ಗೇಣು ಎದ್ದಿತು, ನನ್ನ ಕಾಲು ನಡುಗಿದವು, ಚೀಲ ಮತ್ತೆ ಅಲ್ಲೇ ಕುಳಿತಿತು. ಹುಸೇನಪ್ಪ ಆಗ ಮಾಡಿದ ಸದ್ದನ್ನು ಇಲ್ಲಿ ಬರೆಯಲಾರೆ. ಹುಸೇನಪ್ಪನ ತಂಡದ ದುರುಗಪ್ಪ ಲಾರಿಯಿಂದ ಜಿಗಿದು ಬಂದು ನನ್ನನ್ನು ಬದಿಗೆ ನೂಕಿದ. ನೆಲಕ್ಕೆ ಕೂತು, ಎದೆಗೆ ಒತ್ತಿಕೊಂಡು, ಹಿಮ್ಮಡಿಯಿಂದ ನೆತ್ತಿಯವರೆಗೆ ಒಂದೇ ಆಗಿ ಎದ್ದು ಚೀಲವನ್ನು ಆಚೆ ಒಗೆದ. ಗುರುಗುಂಟಾದ ಕಲ್ಲು ನನಗೆ ನೆನಪಾದದ್ದು ಆಗ.

ತೊಡೆಯ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ರಾಡು ಹಾಕಿದರು. ಇನ್ನು ಮುಂದೆ ಚೀಲ ಹೊರುವಂತಿಲ್ಲ ಎಂದರು. ನಡೆಯುತ್ತಾನೋ ಇಲ್ಲವೋ, ಮೂರು ತಿಂಗಳಾದ ಮೇಲೆ ನೋಡೋಣ ಎಂದರು. ಸಂಜೆ ಮಿಲ್ಲಿಗೆ ಬಂದಾಗ ಬಾಗಿಲ ಮೇಲೆ ಚೀಟಿ ಇರಲಿಲ್ಲ, ಅನ್ನದ ಅಗುಳಿನ ಗುರುತು ನಾಲ್ಕು ಮೂಲೆಗಳಲ್ಲಿ ಉಳಿದಿತ್ತು. ದುರುಗಪ್ಪ ನನ್ನ ಕಿಟಕಿಯ ಹತ್ತಿರ ಬಂದು ನಿಂತ. "ಸರ, ನೀವು ತೂಕಾ ನೋಡ್ರಿ. ಎತ್ತೋದು ನಮ್ಗ ಬಿಡ್ರಿ" ಎಂದ. ಅದಾದ ಮೇಲೆ ಒಂದು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ.

ಜಿಮ್ಮಿಗೆ ಹೋಗಿ ಮೌನೇಶನಿಗೆ ಎಲ್ಲವನ್ನೂ ಹೇಳಿದೆ. ತಪ್ಪನ್ನು ಚಾರ್ಟಿನ ತಲೆಗೆ ಕಟ್ಟುವ ಆಸೆ ನನಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವನು ಡಂಬೆಲ್ ಕೆಳಗಿಟ್ಟು ಗೋಡೆಯ ಕಡೆ ಕೈ ತೋರಿಸಿದ.

"ಸರ, ಈ ಚಾರ್ಟಿನಾಗಿನ ಮನಷ್ಯಾ ದಿನಕ್ಕ ಒಂದು ತಾಸು ಅಷ್ಟ ಎತ್ತತಾನ್ರಿ. ಉಳದ ಹೊತ್ತು ಉಣ್ತಾನ, ಮಲಗತಾನ. ನೀವು ಅದನ್ನ ಹತ್ತು ತಾಸಿಗೆ ಎಳದ್ರಿ."

ನಾನು ಇಷ್ಟು ವರ್ಷ ತೂಕ ಬರೆದವನು. ಲಾರಿಯ ತೂಕದಲ್ಲಿ ಹತ್ತು ಕಿಲೋ ಹೆಚ್ಚುಕಡಿಮೆಯಾದರೂ ರಾತ್ರಿ ನಿದ್ದೆ ಬಾರದವನು. ಒಂದು ತಾಸಿಗೂ ಹತ್ತು ತಾಸಿಗೂ ಇರುವ ವ್ಯತ್ಯಾಸ ನನಗೆ ಕಾಣಲಿಲ್ಲ. ಸ್ಪ್ಲಿಟ್ ಕೆಟ್ಟದ್ದೆಂದು ಈಗಲೂ ನಾನು ಹೇಳಲಾರೆ. ವಾರಕ್ಕೆ ಆರು ದಿನ ತಪ್ಪದೆ ಬರುವ, ಹೊಟ್ಟೆ ತುಂಬ ಉಣ್ಣುವ, ಬೇರೆ ಭಾರ ಎತ್ತದ ಹುಡುಗರಿಗೆ ಅದು ಒಪ್ಪುತ್ತದೆ, ಅವರ ಮೈ ನೋಡಿದರೆ ಗೊತ್ತಾಗುತ್ತದೆ. ಒಂದು ದಿನ ತಪ್ಪಿಸುವವನಿಗೆ ಮಾತ್ರ ಅದರಲ್ಲಿ ಒಂದು ಅಂಗವೇ ತಪ್ಪಿಹೋಗುತ್ತದೆ. ಹಮಾಲರಿಗೋ, ಯಾವುದನ್ನೂ ಪೂರ್ತಿ ದಣಿಸದೆ ಎಲ್ಲವನ್ನೂ ಸರದಿಯ ಮೇಲೆ ದುಡಿಸುವ ಪದ್ಧತಿ ಮೊದಲೇ ಇತ್ತು. ಗೋಡೆಯ ಮೇಲೆ ಬರೆದಿರಲಿಲ್ಲ, ಅಷ್ಟೇ.

ಮಸ್ಕಿ ಸಿಂಧನೂರಿಗೂ ಲಿಂಗಸುಗೂರಿಗೂ ನಡುವಿನ ಊರು. ಆಮೇಲಿನ ಶುಕ್ರವಾರಗಳಲ್ಲಿ ಲಿಂಗಸುಗೂರಿನಿಂದ ಹಿಂತಿರುಗುವಾಗ ಮಸ್ಕಿಯಲ್ಲಿ ಇಳಿಯತೊಡಗಿದೆ. ಮೊದಲ ಸಲ ಅವನ ಮನೆಯವರೆಗೆ ಹೋಗಲು ಧೈರ್ಯ ಸಾಲದೆ ಅಶೋಕನ ಶಾಸನವಿರುವ ಬಂಡೆಯ ಕಡೆ ನಡೆದೆ. ಅಷ್ಟು ದೊಡ್ಡ ರಾಜ, ಜನ ಹೇಗೆ ಬಾಳಬೇಕೆಂದು ಹೇಳಲು ಹೊರಟವನು, ಕಲ್ಲಿನ ಮೇಲೆ ಕೆಲವೇ ಸಾಲು ಕೊರೆಸಿದ್ದಾನೆ. ಒಂದೊಂದು ಅಕ್ಷರಕ್ಕೂ ಉಳಿಯ ಏಟು ಬೀಳಬೇಕು, ಆ ಹೊತ್ತಿನಲ್ಲಿ ಬರೆಸುವವನಿಗೆ ಮತ್ತೊಮ್ಮೆ ಯೋಚಿಸಲು ಅವಕಾಶವಿರುತ್ತದೆ. ನಾನು ಇನ್ನೊಬ್ಬರ ಮೈಗೆ ನಿಯಮ ಬರೆದದ್ದು ಚಹಾ ಆರುವುದರೊಳಗೆ. ಅಲ್ಲಿಂದ ಎದ್ದು ಹುಸೇನಪ್ಪನ ಮನೆಗೆ ಹೋದೆ.

ಅವನು ಹೊರಸಿನ ಮೇಲೆ ಮಲಗಿದ್ದ. ನಾನು ಬಾಗಿಲಲ್ಲೇ ನಿಂತು ಹೇಳಿದೆ: "ಹುಸೇನಪ್ಪ, ಆ ಚೀಟಿ ಬರದಿದ್ದು ನಾನು."

"ಬರದಿದ್ದು ನೀವು, ಹರೀಲಾರದ್ದು ನಾನು. ಒಳಗ ಬರ್ರಿ ಮದ್ಲ." ಅವನ ಹೆಂಡತಿ ಹಂಪಮ್ಮ ಚಹಾ ಇಟ್ಟು ಹೋದಳು. ಚಹಾ ಕುಡಿಯುತ್ತ ಕೇಳಿದೆ, ಹಲಗೆಯ ಮೇಲಿಂದ ನನ್ನ ಕಡೆ ಯಾಕೆ ನೋಡಿದೆ ಎಂದು.

ಅವನು ಬಟ್ಟಲು ಕೆಳಗಿಟ್ಟ. "ಕಾಲು ನಡಗಾಕತ್ತಿತ್ರಿ. ಬದ್ಲಿ ಅನ್ನಬೇಕಂದೆ. ಚೀಟಿ ನೆನಪಾತು. ಇವತ್ತ ಅನ್ನಬಹುದೇನು ಅಂತ ನಿಮ್ಮನ್ನ ಕೇಳಾಕ ನೋಡಿದೆ. ನೀವು ಹೆಬ್ಬಟ್ಟು ತೋರಿಸಿದ್ರಿ. ನಡಿ ಅಂದ್ರು ಅಂತ ತಿಳಕೊಂಡೆ" ಎಂದ.

ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ನಾನು ವಾರಕ್ಕೆ ಮೂರು ದಿನ ಜಿಮ್ಮಿಗೆ ಹೋಗುತ್ತೇನೆ, ಪ್ರತಿ ದಿನವೂ ಇಡೀ ಮೈಗೆ. ಕೂತೇಳುವುದರಿಂದ ಶುರು. ತೋಳಿನ ಉಬ್ಬು ಇಳಿದಿದೆ, ಹುಸೇನಪ್ಪ ಹೇಳಿದ ಹಾಗೆ ಗಾಳಿ ಹೋಯಿತು. ಗೋದಾಮಿನಲ್ಲಿ ದುರುಗಪ್ಪ "ಬದ್ಲಿ" ಕೂಗುತ್ತಾನೆ, ಕೆಲವೊಮ್ಮೆ ಹತ್ತಕ್ಕೇ. ನಾನು ಕಿಟಕಿಯಿಂದ ಯಾವ ಸನ್ನೆಯನ್ನೂ ಮಾಡುವುದಿಲ್ಲ.

ಹೋದ ಶುಕ್ರವಾರ ಮಸ್ಕಿಗೆ ಹೋದಾಗ ಹುಸೇನಪ್ಪ ಹೊರಸಿನ ಅಂಚಿಗೆ ಬಂದು ಕುಳಿತಿದ್ದ. ಮೂರು ತಿಂಗಳು ಕಳೆದಿತ್ತು, ವೈದ್ಯರು ನಡೆಯಲು ಹೇಳಿದ್ದರು. ಮನೆಯೊಳಗೆ ಗೋಡೆ ಹಿಡಿದು ನಡೆದದ್ದಾಗಿತ್ತು. ಬೀದಿಯ ಬೇವಿನ ಮರದವರೆಗೆ ಹೋಗಿರಲಿಲ್ಲ. "ನಡ್ರಿ ಸರ" ಎಂದು ಬಲಗೈಯಲ್ಲಿ ಕೋಲು ಹಿಡಿದು, ಎಡಗೈಯನ್ನು ನನ್ನ ಬಲ ಹೆಗಲ ಮೇಲೆ ಹಾಕಿ ಎದ್ದ.

"ಸರ್ ಮ್ಯಾಲ ಭಾರ ಹಾಕಬ್ಯಾಡ, ಅವ್ರ ಕಾಲು ನೋಡು ಹೆಂಗದಾವ!" ಎಂದು ಹಂಪಮ್ಮ ಬಾಗಿಲಿನಿಂದ ಕೂಗಿದಳು.

ಮಲಗಿ ಮಲಗಿ ಅವನು ಸೊರಗಿದ್ದ, ಆದರೂ ಭಾರವಿದ್ದ. ಅರ್ಧ ದಾರಿಗೆ ನನ್ನ ಹೆಗಲು ಅದುರತೊಡಗಿತು. ನಾನು ತುಟಿ ಬಿಗಿಹಿಡಿದು ಮುಂದಿನ ಹೆಜ್ಜೆ ಇಟ್ಟೆ. ಹುಸೇನಪ್ಪ ನಿಂತುಬಿಟ್ಟ. ನನ್ನ ಮುಖ ನೋಡಲಿಲ್ಲ. ಬೇವಿನ ಮರದ ಕಡೆ ನೋಡುತ್ತ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ:

"ಬದ್ಲಿ!"

ನಾನು ಅವನ ಬಲಕ್ಕೆ ಬಂದೆ. ಕೋಲು ಎಡಗೈಗೆ ಹೋಯಿತು, ಬಲಗೈ ನನ್ನ ಎಡ ಹೆಗಲಿಗೆ ಬಂತು. ಮರದವರೆಗೆ ಹೋಗಿ ಕಟ್ಟೆಯ ಮೇಲೆ ಕುಳಿತೆವು. ಸಂಜೆಯ ಬಸ್ಸಿನಲ್ಲಿ ಸಿಂಧನೂರಿಗೆ ಬರುವಾಗ, ಇವತ್ತು ದುಡಿದದ್ದು ಯಾವ ಅಂಗ, ಯಾವುದು ನೋಯುತ್ತಿದೆ ಎಂದು ಒಂದೊಂದಾಗಿ ವಿಚಾರಿಸಿಕೊಂಡೆ. ಹೆಗಲು, ಬೆನ್ನು, ತೊಡೆ. ಬೇರೆ ಬೇರೆ ಮಾಡಿ ಹೇಳಲು ಬರಲಿಲ್ಲ.